ಪ್ಲಾಸ್ಟಿಕ್ ಕಸದಿಂದ ಮನೆ ಕಟ್ಟುವ ಸಾಮಾನು: ನಮ್ಮ ಕರಾವಳಿ, ಘಟ್ಟದ ಮೇಲಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಕುಮಟಾ ಸುತ್ತಮುತ್ತ ಮನೆ ಕಟ್ಟಿಸುವುದು ನನ್ನ ಕೆಲಸ. ಸೋದರತ್ತೆಯ ಮನೆ ಶಿರಸಿ ಕಡೆ, ಹಾಗಾಗಿ ದೇವಿಮನೆ ಘಟ್ಟ ಹತ್ತಿ ಇಳಿಯುವುದು ಇದ್ದೇ ಇದೆ. ಎರಡೂ ಕಡೆ ಯಾರಾದರೂ ಒಬ್ಬರು ವಾಟ್ಸಾಪಿನಲ್ಲಿ ಬಂದ ವಿಡಿಯೋ ತೋರಿಸಿ, "ಇದನ್ನ ನಮ್ಮನೆಗೂ ಮಾಡಬಹುದಾ?" ಎಂದು ಕೇಳುತ್ತಾರೆ. ವಿಡಿಯೋದಲ್ಲಿ ಒಂದು ಕಡೆಯಿಂದ ಕಸ ಸುರಿಯುತ್ತಾರೆ, ಇನ್ನೊಂದು ಕಡೆಯಿಂದ ಇಟ್ಟಿಗೆ ಬೀಳುತ್ತದೆ. ನಡುವೆ ಏನಾಯಿತು ಅಂತ ತೋರಿಸುವುದೇ ಇಲ್ಲ. ಒಬ್ಬೊಬ್ಬರಿಗೇ ಹೇಳಿ ಸಾಕಾಗಿ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಪ್ಲಾಸ್ಟಿಕ್ ಇಟ್ಟಿಗೆಯಲ್ಲಿ ಮನೆ ಕಟ್ಟಬಹುದಾ?

ಕಟ್ಟಬಹುದು, ಆದರೆ ನಮ್ಮಲ್ಲಿ ಬೇಡ. ಚಿರೇಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲು, ಕಾಲಬುಡದಲ್ಲೇ ಸಿಗುವ ಊರಿನಲ್ಲಿ ಭಾರ ಹೊರುವ ಗೋಡೆಗೆ ಪ್ಲಾಸ್ಟಿಕ್ ಹುಡುಕಿಕೊಂಡು ಹೋಗುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಚಿರೇಕಲ್ಲಿಗಿಂತ ಗಟ್ಟಿ ಅಂತಾರಲ್ಲ?

ಸುಳ್ಳಲ್ಲ. ಚಿರೇಕಲ್ಲಿಗೆ ಐಎಸ್ 3620 ಎಂಬ ಭಾರತೀಯ ಮಾನಕ ಕೇಳುವುದು ಚದರ ಮಿಲಿಮೀಟರಿಗೆ 3.5 ನ್ಯೂಟನ್, ಅಂದರೆ ಚದರ ಸೆಂಟಿಮೀಟರಿಗೆ ಹತ್ತಿರ ಹತ್ತಿರ 35 ಕಿಲೋ ಭಾರ. ಮರಳು ಬೆರೆಸಿ ಚೆನ್ನಾಗಿ ಒತ್ತಿದ ಪ್ಲಾಸ್ಟಿಕ್ ಇಟ್ಟಿಗೆ ಲ್ಯಾಬಿನಲ್ಲಿ ಇದನ್ನು ದಾಟುವುದು ಕಷ್ಟವಲ್ಲ. ಆದರೆ ಲ್ಯಾಬಿನ ಮೆಷಿನ್ ಒತ್ತುವುದು ಕೆಲವು ನಿಮಿಷ, ಗೋಡೆ ಹೊರುವುದು ಐವತ್ತು ವರ್ಷ. ಒಂದೇ ಭಾರವನ್ನು ಹಗಲೂ ರಾತ್ರಿ ಹೊತ್ತುಕೊಂಡು ನಿಂತರೆ ಪ್ಲಾಸ್ಟಿಕ್ ನಿಧಾನಕ್ಕೆ ಸೊರಗುತ್ತದೆ, ಬಿಸಿಲು ಜಾಸ್ತಿಯಾದಷ್ಟೂ ಬೇಗ. ಮದುವೆ ಮನೆಯಲ್ಲಿ ದಪ್ಪನೆಯ ಮಾವ ಒಬ್ಬರು ಚಪ್ಪರದ ಆಚೆ ಬಿಸಿಲಿಗೆ ಇಟ್ಟ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮಾತಾಡುತ್ತಾ ಇರುತ್ತಾರೆ, ಅರ್ಧ ಗಂಟೆ ಏನೂ ಆಗುವುದಿಲ್ಲ, ಆಮೇಲೆ ಹಿಂದಿನ ಕಾಲು ಮೆಲ್ಲಗೆ ಅಗಲವಾಗುತ್ತಾ ಬರುತ್ತದೆ ನೋಡಿ, ಅದೇ ಇದು. ಕಲ್ಲು ಹಾಗೆ ಮಾಡುವುದಿಲ್ಲ.

ಮತ್ತೆ ಮಂಗಳೂರಲ್ಲಿ ಕಟ್ಟಿದಾರಲ್ಲ?

ಹೌದು, 2020ರಲ್ಲಿ ಪಚ್ಚನಾಡಿಯಲ್ಲಿ ಒಂದು ಮನೆ. ಸುಮಾರು 1,500 ಕಿಲೋ ಪ್ಲಾಸ್ಟಿಕ್ ಕಸ ಅದಕ್ಕೆ ಹೋಗಿದೆ. ಪಚ್ಚನಾಡಿ ಅಂದರೆ ಕಸದ ಗುಡ್ಡ ಇರುವ ಜಾಗ, 2019ರ ಆಗಸ್ಟ್ ಮಳೆಗೆ ಅದೇ ಗುಡ್ಡ ಜಾರಿ ಕೆಳಗಿನ ಮಂದಾರದ ಮನೆ, ತೋಟಗಳ ಮೇಲೆ ಬಂದಿತ್ತು. ಆದರೆ ಆ ಮನೆಯಲ್ಲಿ ಬಳಸಿದ್ದು ಇಟ್ಟಿಗೆಯಲ್ಲ, ಹಲಗೆಯಂಥ ಪ್ಯಾನೆಲ್. ಪ್ಯಾನೆಲ್ ಮನೆಯಲ್ಲಿ ಭಾರ ಹೊರಲು ಚೌಕಟ್ಟು ಬೇರೆಯೇ ಇಡಬಹುದು, ಪ್ಯಾನೆಲ್ ಬರೀ ಮರೆ. ನಮ್ಮ ಹಳೇ ಮನೆಗಳಲ್ಲಿ ಕಂಬ, ತೊಲೆ ಭಾರ ಹೊತ್ತು ನಡುವೆ ತಟ್ಟಿ ಕಟ್ಟುತ್ತಿದ್ದರಲ್ಲ, ಆ ತಟ್ಟಿಯ ಕೆಲಸ. ಆ ಕೆಲಸಕ್ಕಾದರೆ ಪ್ಲಾಸ್ಟಿಕ್ ಬಗ್ಗೆ ನನಗೇನೂ ತಕರಾರಿಲ್ಲ. ಅಂಗಡಿ, ಕಾವಲು ಕೋಣೆ, ಶೌಚಾಲಯ ಇಂಥವಕ್ಕೆ ಆಗಬಹುದು.

ಹಾಗಾದರೆ ನಮ್ಮ ಕಡೆ ಯಾವುದಕ್ಕೆ ಒಳ್ಳೆಯದು?

ಮರ ಕೊಳೆಯುವ ಜಾಗ ಎಲ್ಲಿದೆಯೋ ಅಲ್ಲಿಗೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುತ್ತದೆ, ಅದರಲ್ಲೂ ಬಹುಪಾಲು ನಾಲ್ಕೇ ತಿಂಗಳಲ್ಲಿ. ಬಚ್ಚಲ ಬಾಗಿಲ ಬುಡ, ಕೊಟ್ಟಿಗೆಯ ಅಡ್ಡಹಲಗೆ, ಹಿತ್ತಲ ದಣಪೆ, ಹಳ್ಳ ದಾಟುವ ಸಂಕ, ದೋಣಿ ನಿಲ್ಲುವ ಧಕ್ಕೆಯ ಅಂಚಿನ ಹಲಗೆ, ಇವೆಲ್ಲ ಸಾಧಾರಣ ಮರ ಹಾಕಿದರೆ ಐದಾರು ವರ್ಷಕ್ಕೆ ಮೆತ್ತಗಾಗುತ್ತವೆ. ಹಳೇ ಕ್ಯಾನು, ಬಕೆಟ್ಟು, ಡ್ರಮ್ಮು ಕರಗಿಸಿ ಮಾಡಿದ ದಪ್ಪ ಹಲಗೆಗೆ ನೀರು ಇಳಿಯುವುದಿಲ್ಲ, ಗೆದ್ದಲು ತಿನ್ನುವುದಿಲ್ಲ, ಉಪ್ಪು ಗಾಳಿಗೆ ತುಕ್ಕೂ ಇಲ್ಲ.

ಅತ್ತೆಯ ಕೊಟ್ಟಿಗೆಯಲ್ಲಿ ಎರಡು ಹಲಗೆ ಹಾಕಿಸಿದ್ದೆ. ಅತ್ತೆ ಮೊದಲ ದಿನ ಅದನ್ನು ಉಗುರಿನಿಂದ ಕೆರೆದು, ಮೂಸಿ, "ಇದಕ್ಕೆ ಒರಲೆ ಹಿಡಿತಿಲ್ಲೆ ಅಲ್ದನ ತಮಾ?" ಅಂದಳು. ಇಲ್ಲ ಅಂದೆ. "ಹಂಗಾರೆ ಅಡ್ಡಿಲ್ಲೆ" ಅಂತ ಸಗಣಿ ಬಾಚಲು ಹೋದಳು. ಮೂರು ಮಳೆಗಾಲ ಕಳೆದಿದೆ, ಹಲಗೆ ಹಾಗೇ ಇದೆ. ಎಮ್ಮೆಗೆ ಮಾತ್ರ ಒದ್ದೆಯಾದಾಗ ಕಾಲು ಜಾರುತ್ತದೆ, ಅದಕ್ಕೇ ಆಮೇಲೆ ಗರಗಸದಲ್ಲಿ ಅಡ್ಡಡ್ಡ ಗೀರು ಹಾಕಿಸಿದೆ. ಸಂಕಕ್ಕೆ ಹಾಕುವವರು ಈ ಗೀರನ್ನು ಮೊದಲೇ ಹಾಕಿಸಿಕೊಳ್ಳಿ.

ಯಾವ ಪ್ಲಾಸ್ಟಿಕ್ ಆಗುತ್ತದೆ, ಯಾವುದು ಆಗುವುದಿಲ್ಲ?

ಸಾಮಾನಿನ ತಳದಲ್ಲಿ ಮೂರು ಬಾಣದ ಗುರುತಿನೊಳಗೆ ಒಂದು ಅಂಕಿ ಇರುತ್ತದೆ. 2 ಅಂದರೆ ಎಚ್‌ಡಿಪಿಇ: ಎಣ್ಣೆ ಕ್ಯಾನು, ಶಾಂಪೂ ಬಾಟಲಿ, ಡ್ರಮ್ಮು. 4 ಎಲ್‌ಡಿಪಿಇ: ತೆಳ್ಳನೆ ಕವರು. 5 ಪಿಪಿ: ಸಿಮೆಂಟ್ ಚೀಲ, ಡಬ್ಬಿ, ಬಕೆಟ್ಟು. ಹಲಗೆ, ಶೀಟು, ಪೇವರ್ (ಅಂಗಳಕ್ಕೆ, ದಾರಿಗೆ ಹಾಸುವ ಬ್ಲಾಕು) ಮಾಡುವವರಿಗೆ ಬೇಕಾದ್ದು ಈ ಮೂರು. 3 ಪಿವಿಸಿ: ನೀರಿನ ಪೈಪು, ಅದು ಬೇಡ. 1 ನೀರಿನ ಬಾಟಲಿ, ಅಂದರೆ ಪೆಟ್, ಅದಕ್ಕೆ ಬೇರೆ ಗಿರಾಕಿ ಇದ್ದಾರೆ. ಕರಗುವ ಬಿಸಿಯೂ ಬೇರೆ: ಎಚ್‌ಡಿಪಿಇ 130 ಡಿಗ್ರಿ ಹತ್ತಿರ ಕರಗಿದರೆ ಪೆಟ್‌ಗೆ 250 ಬೇಕು. ಎರಡನ್ನೂ ಒಂದೇ ಕಡಾಯಿಗೆ ಹಾಕಿದರೆ ಒಂದು ಸುಟ್ಟುಹೋಗುವ ಹೊತ್ತಿಗೆ ಇನ್ನೊಂದು ಕರಗಿಯೇ ಇರುವುದಿಲ್ಲ.

ಅಂಕಿ ಅಳಿಸಿಹೋಗಿದ್ದರೆ ಒಂದು ಬಕೆಟ್ ನೀರು ಸಾಕು. ಚೂರು ಕತ್ತರಿಸಿ ಹಾಕಿ, ಬೆರಳಲ್ಲಿ ಒತ್ತಿ ಗುಳ್ಳೆ ಬಿಡಿಸಿ. 2, 4, 5 ತೇಲುತ್ತವೆ, ಪೆಟ್ ಮತ್ತು ಪಿವಿಸಿ ಮುಳುಗುತ್ತವೆ. ಗುಜರಿಯವರು ಇದನ್ನು ಕೈಯಲ್ಲಿ ಬಡಿದು ಬರುವ ಸದ್ದಿನಲ್ಲೇ ಹೇಳಿಬಿಡುತ್ತಾರೆ, ಅದು ಬೇರೆ ಮಾತು.

ಘಟ್ಟದ ಮೇಲಿನವರಿಗೆ ಒಂದು ವಿಷಯ. ಕೊಳೆರೋಗಕ್ಕೆ ಅಡಿಕೆ ಕೊನೆಗೆ ಕಟ್ಟುವ ಪ್ಲಾಸ್ಟಿಕ್ ಕೊಟ್ಟೆ ಇದೆಯಲ್ಲ, ಅದು ಒಂದೇ ಜಾತಿಯ, ಬಣ್ಣವಿಲ್ಲದ, ಹೆಚ್ಚು ಕೊಳೆಯಾಗದ ಮಾಲು. ಇಂಥದ್ದು ಪೇಟೆಯ ಕಸದಲ್ಲಿ ಹುಡುಕಿದರೂ ಸಿಗುವುದಿಲ್ಲ. ಅದನ್ನು ತೋಟದ ಮೂಲೆಯಲ್ಲಿ ಬೆಂಕಿ ಹಾಕುತ್ತಾರೆ! ಔಷಧಿ ತಾಗಿದ್ದನ್ನು ಒಮ್ಮೆ ತೊಳೆದು, ಒಣಗಿಸಿ, ಬೇರೆ ಚೀಲದಲ್ಲಿ ಕಟ್ಟಿಟ್ಟರೆ ಮಾಡುವವರು ಖುಷಿಯಿಂದ ಒಯ್ಯುವ ಸಾಮಾನು ಅದು.

ಪಿವಿಸಿ ಪೈಪ್ ಯಾಕೆ ಬೇಡ? ಮನೆ ಕೆಲಸದಲ್ಲಿ ಉಳಿಯುವುದು ಅದೇ ಅಲ್ವಾ?

ಪಿವಿಸಿಯ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಕ್ಲೋರಿನ್. ಬಿಸಿ ಹೆಚ್ಚಾದರೆ ಅದು ಹೈಡ್ರೋಕ್ಲೋರಿಕ್ ಆಮ್ಲದ ಹೊಗೆಯಾಗಿ ಬರುತ್ತದೆ, ಕಣ್ಣು, ಗಂಟಲು ಉರಿಯುತ್ತದೆ, ಯಂತ್ರದ ಕಬ್ಬಿಣವನ್ನೂ ತಿನ್ನುತ್ತದೆ. ಸುಟ್ಟರಂತೂ ಡಯಾಕ್ಸಿನ್ ಎಂಬ ವಿಷ. ನೂರು ಕಿಲೋ ಒಳ್ಳೆಯ ಮಾಲಿನಲ್ಲಿ ನಾಲ್ಕು ತುಂಡು ಪೈಪ್ ಸೇರಿದರೂ ಕೆಲಸ ಕೆಟ್ಟ ಹಾಗೇ. ಪೈಪಿನ ತುಂಡು ಬೇರೆಯೇ ಕಟ್ಟಿ ಗುಜರಿಗೆ ಕೊಡಿ.

ಹಿತ್ತಲಲ್ಲೇ ಡ್ರಮ್ಮಿನಲ್ಲಿ ಕರಗಿಸಿ ಪೇವರ್ ಮಾಡಿದರೆ?

ನಾನು ಮಾಡಿದ್ದೇನೆ. ಅದಕ್ಕೇ ಬೇಡ ಅನ್ನುತ್ತಿರುವುದು.

ಹಳೇ ಟಾರ್ ಡ್ರಮ್ಮನ್ನು ಅರ್ಧ ಕೊಯ್ದು, ಕೆಳಗೆ ಸೌದೆ ಬೆಂಕಿ ಹಾಕಿ, ಹಾಲಿನ ಕವರು ಕರಗಿಸಿ ಅದಕ್ಕೆ ಮರಳು ಸುರಿದೆವು. ಒಂದು ಪಾಲು ಪ್ಲಾಸ್ಟಿಕ್, ಮೂರು ಪಾಲು ಮರಳು. ಮರಳು ಒಣಗಿದೆ ಅಂದುಕೊಂಡಿದ್ದೆ, ಒಣಗಿರಲಿಲ್ಲ. ಜುಯ್ಯ್ ಅಂತ ಸಿಡಿದು ನನ್ನ ಜೊತೆಗಿದ್ದ ಹುಡುಗನ ಮೊಣಕೈ ಮೇಲೆ ಬಿತ್ತು. ಕರಗಿದ ಪ್ಲಾಸ್ಟಿಕ್ ಬಿಸಿನೀರಿನ ಹಾಗೆ ಹರಿದು ಹೋಗುವುದಿಲ್ಲ, ಚರ್ಮಕ್ಕೆ ಅಂಟಿ ಅಲ್ಲೇ ಕೂರುತ್ತದೆ. ಕೂಡಲೇ ಕೈಯನ್ನು ನೀರಿನಲ್ಲಿ ಹಿಡಿಸಿದೆವು, ಕೀಳಲು ಹೋಗಲಿಲ್ಲ, ಅದೊಂದು ಬುದ್ಧಿ ಆಗ ಇತ್ತು. ಕಲೆ ಈಗಲೂ ಇದೆ. ಇಷ್ಟೆಲ್ಲ ಮಾಡಿ ಬಂದ ಪೇವರನ್ನು ಮರುದಿನ ಒಡೆದು ನೋಡಿದರೆ ಒಳಗೆಲ್ಲ ಗುಳ್ಳೆ, ಒಂದು ಮೂಲೆಯಲ್ಲಿ ಬರೀ ಮರಳು.

ಕಾರ್ಖಾನೆಯಲ್ಲಿ ಇದನ್ನೇ ಮುಚ್ಚಿದ ಯಂತ್ರದಲ್ಲಿ, ಬಿಸಿಯನ್ನು ಹಿಡಿತದಲ್ಲಿಟ್ಟು, ಹೊಗೆ ಎಳೆದು, ಅಚ್ಚಿನಲ್ಲಿ ಜೋರಾಗಿ ಒತ್ತಿ ಮಾಡುತ್ತಾರೆ. ಕೆನ್ಯಾದ ನೈರೋಬಿಯಲ್ಲಿ ನ್ಜಾಂಬಿ ಮಾಟೀ ಎಂಬ ಎಂಜಿನಿಯರ್ ಹೀಗೆ ಮರಳು, ಪ್ಲಾಸ್ಟಿಕ್ ಸೇರಿಸಿ ಪೇವರ್ ಮಾಡಿ ವಿಶ್ವಸಂಸ್ಥೆಯ ಪರಿಸರ ವಿಭಾಗದಿಂದ 2020ರಲ್ಲಿ ಪ್ರಶಸ್ತಿ ಪಡೆದವರು. ನಿಮ್ಮ ವಾಟ್ಸಾಪಿಗೆ ಬಂದ ವಿಡಿಯೋ ಅವರದ್ದೇ ಇರಬಹುದು. ಅವರ ಹತ್ತಿರ ಯಂತ್ರ ಇದೆ, ನಮ್ಮ ಹತ್ತಿರ ಇರುವುದು ಡ್ರಮ್ಮು.

ಇನ್ನು ಬಯಲಲ್ಲಿ ಕಸ ಸುಡುವುದಕ್ಕೆ 2016ರ ಡಿಸೆಂಬರಿನಲ್ಲೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 5,000 ರೂಪಾಯಿ ದಂಡ ಹೇಳಿದೆ. ಕರಗಿಸುವುದು ಸುಡುವುದಲ್ಲ ಅಂತ ನೀವು ವಾದಿಸಬಹುದು, ಪಕ್ಕದ ಮನೆಯವರ ಮೂಗು ಒಪ್ಪಬೇಕಲ್ಲ.

ಸ್ಲ್ಯಾಬಿನ ಕಾಂಕ್ರೀಟಿಗೆ ಪ್ಲಾಸ್ಟಿಕ್ ಪುಡಿ ಹಾಕಿದರೆ ಮರಳು ಉಳಿಯುತ್ತದಾ?

ಮರಳಿನ ಗೋಳು ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಕಾಳಿ, ಅಘನಾಶಿನಿ, ಶರಾವತಿ ಮೂರೂ ನದಿ ಹರಿದರೂ ಮನೆ ಕಟ್ಟುವ ಹೊತ್ತಿಗೆ ಮರಳಿಲ್ಲ, ಎಮ್-ಸ್ಯಾಂಡ್ ಲಾರಿಯ ದಾರಿ ಕಾಯಬೇಕು. ಹಾಗಾಗಿ ಈ ಪ್ರಶ್ನೆ ಸಹಜವೇ.

ಕಾರವಾರದ ಪಕ್ಕದ ಗೋವಾ ಎಂಜಿನಿಯರಿಂಗ್ ಕಾಲೇಜಿನವರು ಇಂಗ್ಲೆಂಡಿನ ಬಾತ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯದವರ ಜೊತೆ ಸೇರಿ ಇದನ್ನೇ ಪರೀಕ್ಷೆ ಮಾಡಿ 2018ರಲ್ಲಿ ಫಲಿತಾಂಶ ಹೊರಗಿಟ್ಟರು. ಪೆಟ್ ಬಾಟಲಿಯನ್ನು ಮರಳಿನಷ್ಟೇ ಸಣ್ಣಗೆ ಅರೆದು, ಮರಳಿನ ಹಾಗೇ ಬೇರೆ ಬೇರೆ ಗಾತ್ರದ ಕಾಳು ಇರುವಂತೆ ನೋಡಿಕೊಂಡು, ನೂರಕ್ಕೆ 10 ಪಾಲು ಮರಳಿನ ಬದಲು ಹಾಕಿದರೆ ಗಟ್ಟಿತನ ಹೆಚ್ಚೇನೂ ಇಳಿಯಲಿಲ್ಲ. ಅದಕ್ಕಿಂತ ಜಾಸ್ತಿ ಹಾಕುತ್ತಾ ಹೋದರೆ ಇಳಿಯುತ್ತದೆ. ಕಾರಣ ಸುಲಭ: ಸಿಮೆಂಟು ಮರಳಿನ ಮೈ ಹಿಡಿಯುತ್ತದೆ, ಪ್ಲಾಸ್ಟಿಕ್ಕಿನ ಮೈ ನುಣುಪು, ಹಿಡಿತ ಸಿಗುವುದಿಲ್ಲ. ಒಡೆದ ಕಾಂಕ್ರೀಟ್ ನೋಡಿದರೆ ಚೂರುಗಳು ಹಲ್ಲು ಕಿತ್ತ ಹಾಗೆ ನುಣ್ಣಗೆ ಬಿಟ್ಟುಬಂದಿರುತ್ತವೆ. ಜೊತೆಗೆ ಸಿಮೆಂಟಿನ ಕ್ಷಾರಕ್ಕೆ ಪೆಟ್ ವರ್ಷಾನುಗಟ್ಟಲೆಯಲ್ಲಿ ಸ್ವಲ್ಪ ಸ್ವಲ್ಪ ಸವೆಯುತ್ತದೆ.

ನನ್ನ ಮಾತು: ಸ್ಲ್ಯಾಬು, ಬೀಮು, ಕಂಬ, ಇವಕ್ಕೆ ಹಾಕಬೇಡಿ. ಉಪ್ಪು ಗಾಳಿಗೆ ನಮ್ಮ ಕಡೆ ಕಬ್ಬಿಣ ಮೊದಲೇ ತುಕ್ಕು ಹಿಡಿಯುತ್ತದೆ, ಅಲ್ಲಿ ಪ್ರಯೋಗ ಬೇಡ. ಅಂಗಳದ ತಳದ ಕಾಂಕ್ರೀಟು, ಗಿಡದ ಕುಂಡ, ಕಾಲುದಾರಿಯ ಬ್ಲಾಕು, ಇವಕ್ಕೆ ಪ್ರಯತ್ನಿಸಬಹುದು. ಅದೂ ಕತ್ತರಿಯಲ್ಲಿ ಕೊಯ್ದ ಕವರಿನ ಚೂರು ಅಲ್ಲ. ಒಬ್ಬ ಮೇಸ್ತ್ರಿ ಗುಟ್ಕಾ ಪಾಕೀಟು ಕತ್ತರಿಸಿ ಗಾರೆಗೆ ಹಾಕಿದ್ದನ್ನು ಕಣ್ಣಾರೆ ಕಂಡಿದ್ದೇನೆ, ಅದು ಮರುಬಳಕೆ ಅಲ್ಲ, ಕಸ ಮುಚ್ಚಿಡುವುದು.

ಬಾಟಲಿಗೆ ಪ್ಲಾಸ್ಟಿಕ್ ತುಂಬಿ ಇಟ್ಟಿಗೆ ಮಾಡುತ್ತಾರಲ್ಲ, ಶಾಲೆ ಮಕ್ಕಳು?

ಅಂಗಳದ ಕಟ್ಟೆ, ಹೂವಿನ ಮಡಿಯ ಅಂಚು, ಅಷ್ಟಕ್ಕೆ ಚೆಂದ. ಒಂದು ಲೀಟರ್ ಬಾಟಲಿ ಕೋಲಿನಲ್ಲಿ ಗಿಡಿದು ಗಿಡಿದು ತುಂಬಿದ ಮೇಲೆ ಕಡಿಮೆ ಅಂದರೂ 330 ಗ್ರಾಂ ತೂಗಬೇಕು. ಮಕ್ಕಳು ಅರ್ಧ ತುಂಬಿ ಮುಚ್ಚಳ ಹಾಕುತ್ತಾರೆ, ಕೂತರೆ ಚಪ್ಪಟೆ. ಒಳಗೆ ಹೋಗುವುದು ತೊಳೆದು ಒಣಗಿಸಿದ್ದಾಗಿರಬೇಕು, ಇಲ್ಲದಿದ್ದರೆ ವಾಸನೆಗೆ ಇಲಿ ಬಂದು ಕಡಿಯುತ್ತದೆ. ಬಾಟಲಿ ಹೊರಗೆ ಕಾಣಿಸಬಾರದು, ಬಿಸಿಲು ತಾಗಿದರೆ ಕ್ರಮೇಣ ಪುಡಿಯಾಗುತ್ತದೆ. ಮಣ್ಣೋ ಗಾರೆಯೋ ಪೂರ್ತಿ ಮುಚ್ಚಿರಲಿ.

ಚಾವಣಿಗೆ ಮರುಬಳಕೆಯ ಶೀಟು ಹಾಕಿದರೆ ಬಿಸಿಲು, ಮಳೆಗೆ ತಡೆಯುತ್ತದಾ?

ಜ್ಯೂಸ್, ಹಾಲು ಬರುವ ಟೆಟ್ರಾ ಪೊಟ್ಟಣದಲ್ಲಿ ಕಾಗದ ತೆಗೆದ ಮೇಲೆ ಉಳಿಯುವ ಪ್ಲಾಸ್ಟಿಕ್, ಅಲ್ಯುಮಿನಿಯಂ ಪದರವನ್ನು ಬಿಸಿಯಲ್ಲಿ ಒತ್ತಿ ಈ ಶೀಟು ಮಾಡುತ್ತಾರೆ. ಮಳೆಗೆ ಪರವಾಗಿಲ್ಲ. ತಗಡಿನ ಹಾಗೆ ಆಷಾಢದ ರಾತ್ರಿ ಕಿವಿ ಗಡಚಿಕ್ಕುವುದಿಲ್ಲ, ಅದೊಂದು ನೆಮ್ಮದಿ.

ಆದರೆ ಬಿಸಿಲಿಗೆ ಪ್ಲಾಸ್ಟಿಕ್ ಹಿಗ್ಗುತ್ತದೆ, ಕಾಂಕ್ರೀಟಿಗಿಂತ ಹತ್ತು ಪಟ್ಟಿಗೂ ಮೇಲೆ. ಮೂರು ಮೀಟರ್ ಉದ್ದದ ಎಚ್‌ಡಿಪಿಇ ಹಲಗೆ ಬೆಳಗಿನ ತಂಪಿನಿಂದ ಮಧ್ಯಾಹ್ನದ ಕಾವಿಗೆ 25 ಡಿಗ್ರಿ ಏರಿದರೆ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಇದು ಗೊತ್ತಿದ್ದೂ ನಾನು ಒಂದು ಸೌದೆ ಕೊಟ್ಟಿಗೆಗೆ ಶೀಟನ್ನು ತಗಡಿನ ಹಾಗೇ ಬಿಗಿಯಾಗಿ ಸ್ಕ್ರೂ ಹೊಡೆಸಿದೆ. ಏಪ್ರಿಲ್ ಹೊತ್ತಿಗೆ ನಡುವೆ ಹಪ್ಪಳದ ಹಾಗೆ ಉಬ್ಬಿತ್ತು, ಜೂನ್ ಮಳೆಗೆ ಸ್ಕ್ರೂ ತೂತಿನ ಸುತ್ತ ಸೀಳಿತು. ಶೀಟಿನ ತಪ್ಪಲ್ಲ, ನನ್ನದೇ. ತೂತು ಸ್ಕ್ರೂಗಿಂತ ದೊಡ್ಡದಿರಬೇಕು, ಮೇಲೆ ಅಗಲ ವಾಷರ್, ತುದಿಯಲ್ಲಿ ಸಂದು, ರೀಪಿನ ಅಂತರ ತಗಡಿಗಿಂತ ಕಡಿಮೆ. ಮಂಗಳೂರು ಹಂಚಿನ ಮನೆಯವರು ಹಂಚು ತೆಗೆದು ಇದನ್ನು ಹಾಕಲು ಹೋಗಬೇಡಿ, ಹಂಚಿನ ತಂಪು ಬರುವುದಿಲ್ಲ.

ಬೆಂಕಿ ಹಿಡಿದರೆ?

ಉರಿಯುತ್ತದೆ. ಉರಿಯುತ್ತಾ ಹನಿಹನಿಯಾಗಿ ಕೆಳಗೆ ಬೀಳುತ್ತದೆ, ಬಿದ್ದಲ್ಲೂ ಹತ್ತಿಸುತ್ತದೆ. ಲಂಡನ್ನಿನ ಗ್ರೆನ್‌ಫೆಲ್ ಟವರ್‌ನಲ್ಲಿ 2017ರ ಜೂನಿನಲ್ಲಿ 72 ಜನ ಸತ್ತರು. ಅಲ್ಲಿ ಹೊರಗೋಡೆಗೆ ಹಾಕಿದ್ದ ಅಲ್ಯುಮಿನಿಯಂ ಪ್ಯಾನೆಲ್ಲಿನ ಹೊಟ್ಟೆಯಲ್ಲಿದ್ದದ್ದು ಪಾಲಿಥೀನ್, ನಮ್ಮ ಕವರಿನದೇ ಜಾತಿ. ಮರುಬಳಕೆಯದ್ದೋ ಹೊಸದೋ ಎಂಬುದು ಬೆಂಕಿಗೆ ಲೆಕ್ಕವಿಲ್ಲ.

ಹಾಗಾಗಿ ಅಡುಗೆಮನೆ, ಅಡಿಕೆ ಬೇಯಿಸುವ ಒಲೆಯ ಮಾಡು, ದೇವರ ದೀಪದ ಹತ್ತಿರ, ಬೇಡವೇ ಬೇಡ. ಬಚ್ಚಲಿಗೆ ಒಳ್ಳೆಯದು ಅಂತ ಮೇಲೆ ಹೇಳಿದೆ, ಆದರೆ ಸೌದೆ ಒಲೆ ಇರುವ ಬಚ್ಚಲಾದರೆ ಒಲೆಯ ಬಾಯಿಯ ಕಡೆ ಮರೆಗೆ ಚಿರೇಕಲ್ಲೇ ಇರಲಿ. ವಿದ್ಯುತ್ ಬೋರ್ಡನ್ನೂ ಈ ಹಲಗೆಯ ಮೇಲೆ ಕೂರಿಸಬೇಡಿ.

ರಸ್ತೆಗೆ ಹಾಕುತ್ತಾರಂತೆ, ಹೌದಾ?

ಹೌದು, ಮತ್ತು ಇಡೀ ಪಟ್ಟಿಯಲ್ಲಿ ನನಗೆ ಹೆಚ್ಚು ಸರಿ ಅನ್ನಿಸುವ ಬಳಕೆ ಇದೇ. ಮಧುರೈನ ತ್ಯಾಗರಾಜರ್ ಎಂಜಿನಿಯರಿಂಗ್ ಕಾಲೇಜಿನ ಪ್ರೊಫೆಸರ್ ಆರ್. ವಾಸುದೇವನ್ ಇದನ್ನು ರೂಢಿಗೆ ತಂದವರು, 2018ರಲ್ಲಿ ಪದ್ಮಶ್ರೀ ಬಂತು. ಜಲ್ಲಿಯನ್ನು 160-170 ಡಿಗ್ರಿಗೆ ಕಾಯಿಸಿ, ಅದರ ಮೇಲೆ ಸಣ್ಣ ಪ್ಲಾಸ್ಟಿಕ್ ಚೂರು ಎರಚಿದರೆ ನಿಮಿಷದೊಳಗೆ ಕರಗಿ ಜಲ್ಲಿಗೆ ಅಂಗಿ ತೊಡಿಸಿದ ಹಾಗೆ ಅಂಟುತ್ತದೆ. ಆಮೇಲೆ ಟಾರ್. ಇಂಡಿಯನ್ ರೋಡ್ಸ್ ಕಾಂಗ್ರೆಸ್ 2013ರಲ್ಲಿ ಇದಕ್ಕೆ ನಿಯಮ ಬರೆದು, ಟಾರಿನ ತೂಕದ ಶೇ. 6ರಿಂದ 8ರಷ್ಟು ಅಂತ ಲೆಕ್ಕ ಹೇಳಿದೆ. ಪಿವಿಸಿ ಅಲ್ಲೂ ಕೂಡದು.

ಟಾರ್ ರಸ್ತೆಯ ಶತ್ರು ನೀರು. ಜಲ್ಲಿಗೂ ಟಾರಿಗೂ ನಡುವೆ ನೀರು ನುಸುಳಿ ಬಿಡಿಸುತ್ತದೆ, ಪ್ಲಾಸ್ಟಿಕ್ ಪದರ ಇದ್ದರೆ ಆ ಕೆಲಸ ಕಷ್ಟ. ನಮ್ಮಂಥ ಮಳೆಯ ಊರಿಗೆ ಇದಕ್ಕಿಂತ ಬೇರೆ ಏನು ಬೇಕು? ಆದರೆ ಚರಂಡಿಯನ್ನೇ ಮಾಡದೆ ರಸ್ತೆಯ ಮೇಲೆ ಹಳ್ಳ ಹರಿಯಲು ಬಿಟ್ಟರೆ ಪ್ಲಾಸ್ಟಿಕ್ಕೂ ಅಷ್ಟೇ, ಬಂಗಾರ ಹಾಕಿದರೂ ಅಷ್ಟೇ.

ಹರಿದ ಮೀನುಬಲೆ, ಥರ್ಮಾಕೋಲ್ ಪೆಟ್ಟಿಗೆ, ಹಳೇ ಫೈಬರ್ ದೋಣಿ?

ಮೂರಕ್ಕೂ ಬೇರೆ ಬೇರೆ ಉತ್ತರ. ಬಲೆಯಲ್ಲಿ ನೈಲಾನ್ ಇದ್ದರೆ ಅದನ್ನು ಹಲಗೆಗೆ ಹಾಕುವುದು ದಂಡ, ನೈಲಾನನ್ನು ಮತ್ತೆ ನೂಲೇ ಮಾಡಬಹುದು, ಬೆಲೆಯೂ ಜಾಸ್ತಿ. ಎಚ್‌ಡಿಪಿಇ ಬಲೆ, ಪಿಪಿ ಹಗ್ಗ ಹಲಗೆಗೆ ಆಗುತ್ತದೆ, ಆದರೆ ಉಪ್ಪು, ಚಿಪ್ಪು, ಸೀಸದ ಗುಂಡು ತೆಗೆದು ಸಿಹಿನೀರಿನಲ್ಲಿ ತೊಳೆಯಬೇಕು. ಕಾರವಾರದ ಬೈತಖೋಲ್ ಧಕ್ಕೆಯಲ್ಲಿ ಬಲೆ ಹೆಣೆಯುವವರ ಹತ್ತಿರ ಕೂತು ನೋಡಿ, ನೈಲಾನ್ ಯಾವುದು, ಬೇರೆ ಯಾವುದು ಅಂತ ಬೆರಳಲ್ಲೇ ಹೇಳುತ್ತಾರೆ, ಬಕೆಟ್ ನೀರೂ ಬೇಡ.

ಥರ್ಮಾಕೋಲಿನಲ್ಲಿ ಗಾಳಿಯೇ ಜಾಸ್ತಿ. ಪುಡಿ ಮಾಡಿ ಸಿಮೆಂಟಿನ ಜೊತೆ ಹಗುರ ಬ್ಲಾಕು ಮಾಡುತ್ತಾರೆ, ತಾರಸಿಯ ಮೇಲೆ ಇಳಿಜಾರು ಕೊಡಲು, ಬಿಸಿ ತಡೆಯಲು ಒಳ್ಳೆಯದು. ಬಯಲಲ್ಲಿ ಪುಡಿ ಮಾಡಬೇಡಿ, ಕಡಲ ಗಾಳಿಗೆ ಅಷ್ಟೂ ಕಾಳು ವಾಪಸ್ ಕಡಲಿಗೇ.

ಫೈಬರ್ ದೋಣಿ ಕರಗುವ ಜಾತಿಯೇ ಅಲ್ಲ. ಬಿಸಿ ಮಾಡಿದರೆ ಕರಟುತ್ತದೆ, ಅಷ್ಟೇ.

ಚಿಪ್ಸ್, ಬಿಸ್ಕತ್ ಪಾಕೀಟು ಎಲ್ಲಿಗೆ ಹೋಗುತ್ತದೆ?

ಪದರ ಪದರವಾಗಿ ಬೇರೆ ಬೇರೆ ಜಾತಿ ಅಂಟಿಸಿರುವುದರಿಂದ ಬಿಡಿಸಲು ಆಗುವುದಿಲ್ಲ. ಸ್ವಲ್ಪ ಒತ್ತಿದ ಶೀಟಿಗೆ ಹೋಗುತ್ತದೆ, ಇನ್ನಷ್ಟು ಸಿಮೆಂಟ್ ಕಾರ್ಖಾನೆಯ ಗೂಡಿಗೆ, ಕಲ್ಲಿದ್ದಲಿನ ಬದಲು. ಅಲ್ಲಿ 1,400 ಡಿಗ್ರಿಯ ಮೇಲಿನ ಕಾವು, ನಿಮ್ಮ ಬಚ್ಚಲೊಲೆಗೂ ಅದಕ್ಕೂ ಹೋಲಿಕೆ ಬೇಡ.

ಬಾವಿ ಹತ್ತಿರ ಹಾಕಿದರೆ ನೀರಿಗೆ ಪ್ಲಾಸ್ಟಿಕ್ ಸೇರುತ್ತದಾ?

ಕೊಯ್ಯುವಾಗ, ತೂತು ಹೊಡೆಯುವಾಗ ಬೀಳುವ ಪುಡಿ ಖಂಡಿತ ಸೇರುತ್ತದೆ. ಹಳೇ ಪಂಚೆ ಹಾಸಿ ಅದರ ಮೇಲೆ ಕೊಯ್ದು, ಪುಡಿ ಗುಡಿಸಿ ಚೀಲಕ್ಕೆ ತುಂಬಿ. ಓಡಾಟ ಜಾಸ್ತಿ ಇರುವ ಪೇವರ್ ಸವೆದು ಮಳೆನೀರಿಗೆ ಹೋಗುವುದೂ ಇದೆ. ಬಾವಿಕಟ್ಟೆಗೆ ನಾನು ಹಾಕುವುದಿಲ್ಲ. ಕಲ್ಲು ಇದೆಯಲ್ಲ.

ಅಗ್ಗವಾ?

ಕಸದಿಂದ ಮಾಡಿದ್ದು, ಅಗ್ಗ ಇರಲೇಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಕಸ ಅಗ್ಗವೇ. ಆರಿಸುವುದು, ತೊಳೆಯುವುದು, ಒಣಗಿಸುವುದು, ಲಾರಿಯಲ್ಲಿ ತರುವುದು ಅಗ್ಗವಲ್ಲ. ಹಲಗೆ ಕಾಡುಮರಕ್ಕಿಂತ ದುಬಾರಿ ಬೀಳುತ್ತದೆ, ಆದರೆ ಮೂರು ಸಲ ಮರ ಬದಲಿಸುವ ಆಳಿನ ಕೂಲಿ ಲೆಕ್ಕ ಹಾಕಿ ನೋಡಿ.

ಕೊಳ್ಳುವಾಗ ಏನು ಕೇಳಬೇಕು?

ಯಾವ ಪ್ಲಾಸ್ಟಿಕ್ ಅಂತ ಮೊದಲು. "ಎಲ್ಲಾ ಮಿಕ್ಸು ಸಾರ್" ಅಂದರೆ ವಾಪಸ್ ಬನ್ನಿ. ಬಿಸಿಲು ತಡೆಯುವ ಮದ್ದು ಸೇರಿಸಿದ್ದಾರಾ, ಬೆಂಕಿ ಪರೀಕ್ಷೆಯ ಕಾಗದ ಇದೆಯಾ ಕೇಳಿ. ಒಂದು ತುಂಡು ಕೊಯ್ಯಿಸಿ ಒಳಗೆ ನೋಡಿ, ಗುಳ್ಳೆ ಜಾಸ್ತಿ ಇದ್ದರೆ ಬೇಡ. ಅಂಗಡಿಯಲ್ಲಿ "ಡಬ್ಲ್ಯುಪಿಸಿ" (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿದ್ದು) ಅಂತ ಮಾರುವ ಬಾಗಿಲು, ಚೌಕಟ್ಟು ಎಷ್ಟೋ ಸಲ ಪಿವಿಸಿಯಿಂದ ಮಾಡಿದ್ದು, ಮರುಬಳಕೆಯದ್ದೂ ಆಗಿರಬೇಕೆಂದಿಲ್ಲ. ಹೆಸರು ನೋಡಿ ಮರುಳಾಗಬೇಡಿ. ಒಮ್ಮೆ ನನಗೇ ಒಬ್ಬ ವ್ಯಾಪಾರಿ ಮರುಬಳಕೆ ಅಂತ ಹೇಳಿ ಹೊಸ ಪಿವಿಸಿ ಹಲಗೆ ಕೊಟ್ಟಿದ್ದ, ಚೂರು ಬಕೆಟ್ಟಿಗೆ ಹಾಕಿದಾಗಲೇ ಗೊತ್ತಾಗಿದ್ದು. ಆದರೆ ಇದಕ್ಕೂ ಒಂದು ತೊಡಕಿದೆ: ನೊರೆ ಮಾಡಿ ಊದಿಸಿದ ಪಿವಿಸಿ ತೇಲುತ್ತದೆ, ಕಲ್ಲುಪುಡಿ ಸೇರಿಸಿದ ಎಚ್‌ಡಿಪಿಇ ಮುಳುಗುತ್ತದೆ. ಹಾಗಾಗಿ ಬಕೆಟ್ ಪರೀಕ್ಷೆ ಕಸ ಆರಿಸಲು ಸಾಕು, ತಯಾರಾದ ಸಾಮಾನಿಗೆ ಕಾಗದವನ್ನೇ ಕೇಳಿ.

ಹಲಗೆಗೆ ಬಣ್ಣ ಹೊಡೆಯಬಹುದಾ?

ಹಿಡಿಯುವುದಿಲ್ಲ. ಒಂದು ಮಳೆಗಾಲಕ್ಕೆ ಹಾವಿನ ಪೊರೆಯ ಹಾಗೆ ಏಳುತ್ತದೆ. ಬಣ್ಣ ಬೇಕಿದ್ದರೆ ಮಾಡುವಾಗಲೇ ಸೇರಿಸಿದ್ದನ್ನು ತನ್ನಿ. ಬಿಸಿಲಿಗೆ ಇಡುವುದಾದರೆ ಕಪ್ಪೇ ಬಾಳಿಕೆ, ಕಾಡಿಗೆಪುಡಿ ಬಿಸಿಲನ್ನು ತಾನೇ ಕುಡಿದು ಒಳಗಿನ ಪ್ಲಾಸ್ಟಿಕ್ಕನ್ನು ಉಳಿಸುತ್ತದೆ. ಮಧ್ಯಾಹ್ನ ಮಾತ್ರ ಅದರ ಮೇಲೆ ಬರಿಗಾಲಿಡಬೇಡಿ.